18 ಟಿಬಿ ಡೇಟಾಗೆ 25 ಟಿಬಿ ಲೈಸೆನ್ಸ್ ಯಾಕೆ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಬಿಡಿಭಾಗ ತಯಾರಿಸುವ ಒಂದು ಕಂಪನಿಯ ಐಟಿ ನಾನು ನೋಡಿಕೊಳ್ಳುತ್ತೇನೆ. ಮೂರು ವಿಎಂವೇರ್ ಹೋಸ್ಟ್‌ಗಳಲ್ಲಿ 42 ವಿಎಂಗಳಿವೆ (ವರ್ಚುವಲ್ ಮಷಿನ್, ಅಂದರೆ ಒಂದು ಸರ್ವರ್ ಒಳಗೆ ಸಾಫ್ಟ್‌ವೇರ್ ಆಗಿ ಓಡುವ ಕಂಪ್ಯೂಟರ್). ಫೈಲ್ ಸರ್ವರ್ ಕೂಡ ಅವುಗಳಲ್ಲೇ ಒಂದು. ಒರಾಕಲ್ ಡೇಟಾಬೇಸ್‌ಗೆ ಮಾತ್ರ ಬೇರೆ ಫಿಸಿಕಲ್ ಸರ್ವರ್. ಒಟ್ಟು ಡೇಟಾ ಸುಮಾರು 18 ಟಿಬಿ. ಅದರಲ್ಲಿ ಫೈಲ್ ಸರ್ವರ್ 7 ಟಿಬಿ, ಒರಾಕಲ್ 2 ಟಿಬಿ. ಹಳೆಯ ಬ್ಯಾಕಪ್ ಸಾಫ್ಟ್‌ವೇರ್‌ನ ಎಎಂಸಿ ಮುಗಿದಿದೆ. ಹೊಸದಕ್ಕೆ ಎರಡು ಕೊಟೇಶನ್ ಬಂದಿವೆ. ನೆಟ್‌ಬ್ಯಾಕಪ್‌ನದರಲ್ಲಿ 25 ಟಿಬಿ ಫ್ರಂಟ್ ಎಂಡ್ ಲೈಸೆನ್ಸ್, ಅದರ ಮೇಲೆ ಒಂದು ಡೇಟಾಬೇಸ್ ಏಜೆಂಟ್, ಎರಡು ಟೇಪ್ ಡ್ರೈವ್ ಲೈಸೆನ್ಸ್. ವೀಮ್‌ನದರಲ್ಲಿ 60 ಲೈಸೆನ್ಸ್. ಮಾಸ್ಟರ್, ಪ್ರೈಮರಿ, ಮೀಡಿಯಾ, ಪ್ರಾಕ್ಸಿ, ರೆಪಾಸಿಟರಿ ಎಂದೆಲ್ಲ ಬರೆದಿದ್ದಾರೆ. ಯಾವುದಕ್ಕೆ ದುಡ್ಡು ಕೊಡುತ್ತಿದ್ದೇನೆ ಅನ್ನೋದೇ ತಿಳಿಯುತ್ತಿಲ್ಲ. ಬೀರುವಿನಲ್ಲಿ ಹಳೆಯ ಎಲ್‌ಟಿಒ-6 ಟೇಪುಗಳೂ ಇವೆ. ಬಿಡಿಸಿ ಹೇಳುತ್ತೀರಾ?

ಉತ್ತರ: ಮೊದಲು ವೀಮ್‌ನ ಆ 60 ಎಲ್ಲಿಂದ ಬಂತು ಅಂತ ನೋಡೋಣ. ಅದು ಬಿಡಿಸಿಕೊಂಡರೆ ಉಳಿದದ್ದಕ್ಕೂ ದಾರಿ ಸಿಗುತ್ತದೆ.

ವೀಮ್ ಈಗ ಮಾರುವುದು ಯೂನಿವರ್ಸಲ್ ಲೈಸೆನ್ಸ್. ಇಲ್ಲಿ ಟಿಬಿ ಎಣಿಸುವುದಿಲ್ಲ, ತಲೆ ಎಣಿಸುತ್ತಾರೆ. ಒಂದು ವಿಎಂಗೆ ಒಂದು ಲೈಸೆನ್ಸ್. ಏಜೆಂಟ್, ಅಂದರೆ ಯಂತ್ರದೊಳಗೇ ಕೂತು ಬ್ಯಾಕಪ್ ಮಾಡುವ ಸಣ್ಣ ಪ್ರೋಗ್ರಾಮ್, ಹಾಕಿದ ಒಂದು ಫಿಸಿಕಲ್ ಸರ್ವರ್‌ಗೂ ಒಂದು. ವಿಎಂ 50 ಜಿಬಿ ಇರಲಿ, 7 ಟಿಬಿ ಇರಲಿ, ಲೆಕ್ಕ ಒಂದೇ. ಹಾಗಾದರೆ ನಿಮ್ಮದು 42 ಕೂಡಿಸು 1, ಒಟ್ಟು 43. ಇದನ್ನು ಹತ್ತರ ಕಟ್ಟಿನಲ್ಲಿ ಮಾರುತ್ತಾರೆ, ಅಂದರೆ 50 ಸಾಕು. 60 ಯಾಕೆ?

ಯಾಕೆಂದರೆ ಫೈಲ್ ಹಂಚಿಕೆಗೆ ಇನ್ನೊಂದು ಲೆಕ್ಕ ಇದೆ. ನ್ಯಾಸ್ ಪೆಟ್ಟಿಗೆಯಿಂದಲೋ (ನೆಟ್‌ವರ್ಕ್‌ಗೆ ನೇರ ಜೋಡಿಸಿದ ಸ್ಟೋರೇಜ್) ನೆಟ್‌ವರ್ಕ್ ಶೇರ್‌ನಿಂದಲೋ ಫೈಲುಗಳನ್ನು ನೇರವಾಗಿ ಬ್ಯಾಕಪ್ ಮಾಡಿದರೆ ಪ್ರತಿ 500 ಜಿಬಿಗೆ ಒಂದು ಲೈಸೆನ್ಸ್. 7 ಟಿಬಿಗೆ 14 ಆಯಿತು. ಈಗ ಕೂಡಿಸಿ: ಉಳಿದ ವಿಎಂಗಳು 41, ಒರಾಕಲ್ ಸರ್ವರ್ 1, ಶೇರ್ ಲೆಕ್ಕದಲ್ಲಿ 14. ಒಟ್ಟು 56. ಹತ್ತರ ಕಟ್ಟಿಗೆ ಏರಿಸಿದರೆ 60. ನಿಮ್ಮ ಕೊಟೇಶನ್ ಮಾಡಿದವರು ಫೈಲ್ ಸರ್ವರನ್ನು ವಿಎಂ ಅಂತ ನೋಡದೆ ಶೇರ್ ಅಂತ ನೋಡಿದ್ದಾರೆ. ಅಷ್ಟೇ. ಮೋಸ ಅಂತ ಹೇಳಲಾರೆ. ಫೋನಿನಲ್ಲಿ ಯಾರೋ 'ಫೈಲ್ ಸರ್ವರ್ 7 ಟಿಬಿ ಇದೆ' ಅಂದಿರುತ್ತಾರೆ, ಅತ್ತ ಕಡೆಯವರು ಎಕ್ಸೆಲ್‌ನಲ್ಲಿ ನ್ಯಾಸ್ ಅನ್ನೋ ಕಾಲಂನಲ್ಲಿ 7 ಬರೆದಿರುತ್ತಾರೆ.

ಇದರಲ್ಲಿ ಇನ್ನೊಂದು ಸಂಗತಿ ಇದೆ. ಚಿಕ್ಕ ಕಂಪನಿಗಳಿಗೆ ವೀಮ್ ಎಸೆನ್ಷಿಯಲ್ಸ್ ಎಂಬ ಕಡಿಮೆ ಬೆಲೆಯ ಪೊಟ್ಟಣ ಇಟ್ಟಿದೆ. ಅದು 50 ದಾಟದವರಿಗೆ ಮಾತ್ರ, ಐದೈದರ ಕಟ್ಟಿನಲ್ಲಿ ಸಿಗುತ್ತದೆ. 56 ಎಂದು ಎಣಿಸಿದರೆ ನೀವು ಆ ಬಾಗಿಲಿನ ಹೊರಗೆ. 43 ಎಂದು ಎಣಿಸಿದರೆ ಒಳಗೆ, 45 ತಗೊಂಡರೆ ಮುಗಿಯಿತು. ಒಂದೇ ಫೈಲ್ ಸರ್ವರ್, ಅದೇ 7 ಟಿಬಿ. ಬರೆದ ಕಾಲಂ ಮಾತ್ರ ಬೇರೆ.

ಆದರೆ ಕೊಟೇಶನ್ ವಾಪಸ್ ಕಳಿಸುವ ಮುಂಚೆ ವಿಎಂವೇರ್ ನೋಡಿಕೊಳ್ಳುವ ವಿಸೆಂಟರ್ ತೆರೆದು ಆ ಫೈಲ್ ಸರ್ವರ್‌ನ ಡಿಸ್ಕ್‌ಗಳನ್ನು ಒಮ್ಮೆ ನೋಡಿ. 7 ಟಿಬಿಯೂ ಮಾಮೂಲಿ ವರ್ಚುವಲ್ ಡಿಸ್ಕ್‌ನಲ್ಲಿದ್ದರೆ ತೊಂದರೆ ಇಲ್ಲ. ಸ್ಟೋರೇಜ್ ಪೆಟ್ಟಿಗೆಯ ಡಿಸ್ಕನ್ನೇ ನೇರವಾಗಿ ವಿಎಂಗೆ ಕೊಟ್ಟು ಫಿಸಿಕಲ್ ಮೋಡ್ ಆರ್‌ಡಿಎಂ ಆಗಿ ಜೋಡಿಸಿದ್ದರೆ, ಇಲ್ಲವೇ ವಿಂಡೋಸ್ ಒಳಗಿನಿಂದಲೇ ಐಸ್ಕಸಿ (iSCSI) ಎಂಬ ನೆಟ್‌ವರ್ಕ್ ದಾರಿಯ ಮೂಲಕ ಸ್ಟೋರೇಜ್ ಎಳೆದುಕೊಂಡಿದ್ದರೆ, ವಿಎಂ ಸ್ನ್ಯಾಪ್‌ಶಾಟ್‌ಗೆ ಆ ಡಿಸ್ಕ್ ಸಿಗುವುದೇ ಇಲ್ಲ. ಬ್ಯಾಕಪ್ ಹಸಿರು ಬಣ್ಣದಲ್ಲಿ 'ಯಶಸ್ವಿ' ಅನ್ನುತ್ತದೆ, ಒಳಗೆ ಸಿ ಡ್ರೈವ್ ಮಾತ್ರ ಇರುತ್ತದೆ. ಹಾಗಿದ್ದರೂ ಶೇರ್ ಲೆಕ್ಕಕ್ಕೆ ಹೋಗಬೇಕಿಲ್ಲ. ಆ ವಿಎಂ ಒಳಗೇ ಏಜೆಂಟ್ ಹಾಕಿ, ಒಂದೇ ಲೈಸೆನ್ಸಿನಲ್ಲಿ ಆಗುತ್ತದೆ.

ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ಬ್ಯಾಕಪ್ ಸಾಫ್ಟ್‌ವೇರ್‌ಗಳು ಒಳಗಡೆ ಹೆಚ್ಚುಕಮ್ಮಿ ಒಂದೇ ಥರ. ಬೇರೆ ಇರುವುದು ಅವರು ಏನನ್ನು ಎಣಿಸುತ್ತಾರೆ ಅನ್ನೋದು. ಕೊಟೇಶನ್ನಿನ ಪ್ರತಿ ಸಾಲಿಗೂ 'ಇದು ಏನನ್ನು ಎಣಿಸುತ್ತಿದೆ?' ಅಂತ ಕೇಳುತ್ತಾ ಹೋಗಿ. ಮೊದಲು ಪ್ರೊಸೆಸರ್ ಸಾಕೆಟ್ ಎಣಿಸುವ ಪದ್ಧತಿ ಇತ್ತು. ನಿಮ್ಮ ಹೋಸ್ಟ್‌ಗಳಲ್ಲಿ ಎರಡೆರಡು ಸಾಕೆಟ್ ಇದ್ದರೆ ಆಗ ಬರೀ 6 ಲೈಸೆನ್ಸಿನಲ್ಲಿ ಎಲ್ಲ ವಿಎಂಗಳೂ ಮುಗಿಯುತ್ತಿದ್ದವು. ಐಬಿಎಂ ಕೋರ್‌ಗೆ ಅಂಕ ಕೊಟ್ಟು ಎಣಿಸುವ ಪಿವಿಯು ಪದ್ಧತಿ ಇಟ್ಟುಕೊಂಡಿದೆ. ಎರಡು ಸಾಕೆಟ್‌ನ ಸಾಮಾನ್ಯ ಇಂಟೆಲ್ ಸರ್ವರ್‌ನಲ್ಲಿ ಕೋರ್ ಒಂದಕ್ಕೆ 70 ಅಂಕ. 32 ಕೋರ್ ಇದ್ದರೆ 2,240. ಅದೇ ಐಬಿಎಂ ಟಿಬಿ ಲೆಕ್ಕದಲ್ಲೂ ಮಾರುತ್ತದೆ. ಒಬ್ಬರೇ ವ್ಯಾಪಾರಿಯ ಹತ್ತಿರ ಎರಡು ತಕ್ಕಡಿ!

ಈಗ ನೆಟ್‌ಬ್ಯಾಕಪ್‌ನ 25 ಟಿಬಿಗೆ ಬರೋಣ. ಫ್ರಂಟ್ ಎಂಡ್ ಟಿಬಿ ಅಂದರೆ ನೀವು ಕಾಪಾಡಬೇಕಾದ ಮೂಲ ಡೇಟಾದ ಗಾತ್ರ. ಅದನ್ನು ಹಿಂಡಿ, ಡಿಡೂಪ್ ಮಾಡಿ (ಒಂದೇ ಥರದ ತುಣುಕನ್ನು ಒಮ್ಮೆ ಮಾತ್ರ ಇಟ್ಟುಕೊಳ್ಳುವುದು), ಎಷ್ಟು ಪ್ರತಿ ಇಟ್ಟಿರಿ, ಎಷ್ಟು ತಿಂಗಳು ಇಟ್ಟಿರಿ, ಯಾವುದೂ ಲೆಕ್ಕಕ್ಕಿಲ್ಲ. 18 ಟಿಬಿ ಇದ್ದರೆ 18. ಅದಕ್ಕೆ 25 ಬರೆದಿದ್ದಾರೆ ಅಂದರೆ ಮೂರು ಕಾರಣ ಇರಬಹುದು.

ಒಂದು, ಮೂರು ವರ್ಷದ ಬೆಳವಣಿಗೆ ಸೇರಿಸಿದ್ದಾರೆ. ಇದು ತಪ್ಪಲ್ಲ, ಆದರೆ ಮೊದಲ ದಿನದಿಂದಲೇ ಅದಕ್ಕೆ ದುಡ್ಡು ಯಾಕೆ ಕೊಡಬೇಕು? 20ಕ್ಕೆ ಶುರು ಮಾಡಿ, ಆಮೇಲೆ ಟಿಬಿ ಸೇರಿಸುವ ದರವನ್ನು ಈಗಲೇ ಬರೆಸಿಕೊಳ್ಳಿ. ಎರಡು, ವಿಎಂಗಳಿಗೆ 'ಕೊಟ್ಟ' ಜಾಗ ಎಣಿಸಿದ್ದಾರೆ, 'ಬಳಸಿದ' ಜಾಗ ಅಲ್ಲ. 500 ಜಿಬಿ ಥಿನ್ ಡಿಸ್ಕ್ ಕೊಟ್ಟು ಒಳಗೆ 120 ಜಿಬಿ ಮಾತ್ರ ತುಂಬಿರುವ ವಿಎಂ ನಿಮ್ಮಲ್ಲಿ ಹತ್ತಾದರೂ ಇರುತ್ತವೆ. ಮೂರನೆಯದು ನನ್ನ ಅನುಮಾನ, ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬಹಳ ಕಡೆ ಒರಾಕಲ್ ನೋಡಿಕೊಳ್ಳುವವರು ಬ್ಯಾಕಪ್ ಸಾಫ್ಟ್‌ವೇರನ್ನು ನಂಬುವುದಿಲ್ಲ. ರಾತ್ರಿ ತಾವೇ ಒರಾಕಲ್‌ನ ಸ್ವಂತ ಬ್ಯಾಕಪ್ ಉಪಕರಣ ಆರ್‌ಮ್ಯಾನ್‌ನ ಒಂದು ಸ್ಕ್ರಿಪ್ಟ್ ಓಡಿಸಿ ಫೈಲ್ ಸರ್ವರ್‌ನ ಒಂದು ಫೋಲ್ಡರ್‌ಗೆ ಪ್ರತಿ ಹಾಕಿಡುತ್ತಾರೆ. ಆ ಫೋಲ್ಡರ್ ಫೈಲ್ ಸರ್ವರ್ ಜೊತೆ ಬ್ಯಾಕಪ್ ಆಗುತ್ತದೆ. ಆ ಕಡೆ ಒರಾಕಲ್ ಏಜೆಂಟ್ ಅದೇ ಡೇಟಾವನ್ನು ಇನ್ನೊಮ್ಮೆ ಬ್ಯಾಕಪ್ ಮಾಡುತ್ತದೆ. 2 ಟಿಬಿ ಡೇಟಾಬೇಸ್ ಲೈಸೆನ್ಸ್ ಲೆಕ್ಕದಲ್ಲಿ 4 ಟಿಬಿ ಆಗಿ ಕೂರುತ್ತದೆ. ಹಳೆಯ ಡಂಪ್‌ಗಳನ್ನು, ಅಂದರೆ ಅಂಥ ಪ್ರತಿಗಳನ್ನು, ಅಳಿಸದೆ ಬಿಟ್ಟಿದ್ದರೆ 6, 8. ನಿಮ್ಮ ಫೈಲ್ ಸರ್ವರ್‌ನ 7 ಟಿಬಿಯಲ್ಲಿ ಡಂಪ್ ಎಷ್ಟಿದೆ ಅಂತ ಇವತ್ತೇ ನೋಡಿ. ಅಲ್ಲಿ 'ಡಂಪ್_ಓಲ್ಡ್_2', 'ಡಂಪ್_ಫೈನಲ್' ಎಂಬ ಫೋಲ್ಡರ್‌ಗಳು ಸಿಕ್ಕರೆ ನನಗೇನೂ ಆಶ್ಚರ್ಯ ಆಗುವುದಿಲ್ಲ.

ಇನ್ನು ಡೇಟಾಬೇಸ್ ಏಜೆಂಟ್ ಮತ್ತು ಟೇಪ್ ಡ್ರೈವ್ ಸಾಲುಗಳು. ನೆಟ್‌ಬ್ಯಾಕಪ್‌ನಲ್ಲಿ ಎರಡು ಪದ್ಧತಿ ಇವೆ. ಹಳೆಯದರಲ್ಲಿ ಸರ್ವರ್‌ಗೆ ಇಷ್ಟು, ಕ್ಲೈಂಟ್‌ಗೆ ಇಷ್ಟು, ಡೇಟಾಬೇಸ್ ಏಜೆಂಟ್‌ಗೆ ಇಷ್ಟು, ಲೈಬ್ರರಿಯ ಪ್ರತಿ ಟೇಪ್ ಡ್ರೈವ್‌ಗೆ ಇಷ್ಟು ಅಂತ ಬಿಡಿಬಿಡಿ ಲೈಸೆನ್ಸ್. ಹೋಟೆಲಿನಲ್ಲಿ ಇಡ್ಲಿ, ವಡೆ, ಎಕ್ಸ್‌ಟ್ರಾ ಸಾಂಬಾರ್ ಬೇರೆಬೇರೆ ಬಿಲ್ ಆದ ಹಾಗೆ. ಟಿಬಿ ಲೆಕ್ಕದ ಕೆಪ್ಯಾಸಿಟಿ ಲೈಸೆನ್ಸ್ ಅಂದರೆ ಊಟ. ಅದರಲ್ಲಿ ಏಜೆಂಟ್, ಮೀಡಿಯಾ ಸರ್ವರ್, ಟೇಪ್ ಡ್ರೈವ್ ಸಾಮಾನ್ಯವಾಗಿ ಒಳಗೇ ಇರುತ್ತವೆ. ಊಟದ ಬಿಲ್ಲಿನ ಕೆಳಗೆ ಎಕ್ಸ್‌ಟ್ರಾ ಸಾಂಬಾರ್ ಬರೆದಿದ್ದರೆ ಕೇಳಬೇಕಲ್ವಾ? ನಿಮಗೆ ಕೊಡುತ್ತಿರುವುದು ಪೂರ್ತಿ ಎಡಿಷನ್ನೋ ಕತ್ತರಿಸಿದ ಎಡಿಷನ್ನೋ ಅಂತ ಕೇಳಿ. ಪೂರ್ತಿ ಅಂದರೆ ಆ ಎರಡು ಸಾಲು ಯಾಕಿವೆ ಅಂತ ಬರವಣಿಗೆಯಲ್ಲಿ ಉತ್ತರ ತರಿಸಿ.

ಈಗ ಆ ಹೆಸರುಗಳು. ನಮ್ಮ ಕಡೆ ಮದುವೆ ಮನೆಯ ಉಗ್ರಾಣ ನೋಡಿದ್ದೀರಲ್ಲ? ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ಒಬ್ಬರು ಯಜಮಾನರು ಇರುತ್ತಾರೆ. ಏನು ಎಲ್ಲಿದೆ, ಯಾರಿಗೆ ಎಷ್ಟು ಕೊಟ್ಟೆ, ಎಲ್ಲ ಅವರ ಚೀಟಿಯಲ್ಲಿ. ಮೂಟೆ ಹೊರುವುದು ಅವರಲ್ಲ, ಹೊರುವ ಹುಡುಗರು ಬೇರೆ. ಬ್ಯಾಕಪ್ ಸಾಫ್ಟ್‌ವೇರ್ ಕೂಡ ಹೀಗೇ. ಯಜಮಾನರಿಗೆ ನೆಟ್‌ಬ್ಯಾಕಪ್‌ನಲ್ಲಿ ಮೊದಲು ಮಾಸ್ಟರ್ ಸರ್ವರ್ ಅನ್ನುತ್ತಿದ್ದರು, ಈಗ ಪ್ರೈಮರಿ ಸರ್ವರ್ ಅನ್ನುತ್ತಾರೆ. ನಿಮ್ಮ ಕೊಟೇಶನ್ನಿನಲ್ಲಿ ಎರಡೂ ಇರುವುದು ಹಳೆಯ ಪುಟದಿಂದ ನಕಲು ಹೊಡೆದ ಗುರುತು. ಎರಡೂ ಒಂದೇ ಯಂತ್ರ. ಕಾಮ್‌ವಾಲ್ಟ್ ಅನ್ನೋ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಅದು ಕಾಮ್‌ಸರ್ವ್. ವೀಮ್‌ನಲ್ಲಿ ಬ್ಯಾಕಪ್ ಸರ್ವರ್. ಹೊರುವ ಹುಡುಗರು ನೆಟ್‌ಬ್ಯಾಕಪ್‌ನಲ್ಲಿ ಮೀಡಿಯಾ ಸರ್ವರ್, ಕಾಮ್‌ವಾಲ್ಟ್‌ನಲ್ಲಿ ಮೀಡಿಯಾ ಏಜೆಂಟ್. ವೀಮ್ ಆ ಕೆಲಸವನ್ನು ಎರಡಾಗಿ ಒಡೆದಿದೆ. ವಿಎಂನಿಂದ ಡೇಟಾ ಎತ್ತುವುದು ಪ್ರಾಕ್ಸಿ, ಇಳಿಸಿ ಜೋಡಿಸಿಡುವುದು ರೆಪಾಸಿಟರಿ. ಇವುಗಳಿಗೆ ವೀಮ್‌ನಲ್ಲಿ ಬೇರೆ ಲೈಸೆನ್ಸ್ ಇಲ್ಲ, ಎಷ್ಟು ಬೇಕೋ ಅಷ್ಟು ಹಾಕಿಕೊಳ್ಳಬಹುದು. ಆದರೆ ವಿಂಡೋಸ್ ಮೇಲೆ ಹಾಕಿದರೆ ವಿಂಡೋಸ್ ಲೈಸೆನ್ಸ್ ಯಾರು ಕೊಡುತ್ತಾರೆ? ಕೊಟೇಶನ್ನಿನಲ್ಲಿ ಅದು ಇರುವುದಿಲ್ಲ. ರೆಪಾಸಿಟರಿಯನ್ನು ಲಿನಕ್ಸ್ ಮೇಲೆ ಹಾಕಿ. ಆ ಖರ್ಚೂ ಉಳಿಯುತ್ತದೆ, ಇನ್ನೊಂದು ಲಾಭವೂ ಇದೆ, ಮುಂದೆ ಹೇಳುತ್ತೇನೆ.

ಯಜಮಾನರ ಚೀಟಿ ಇದೆಯಲ್ಲ, ಅದಕ್ಕೆ ಕ್ಯಾಟಲಾಗ್ ಅಂತ ಹೆಸರು. ಯಾವ ಫೈಲ್, ಯಾವ ದಿನದ್ದು, ಯಾವ ಟೇಪಿನ ಯಾವ ಜಾಗದಲ್ಲಿದೆ ಅನ್ನೋ ಪಟ್ಟಿ. ಕೊಟೇಶನ್ನಿನಲ್ಲಿ ಇದಕ್ಕೊಂದು ಸಾಲೇ ಇರುವುದಿಲ್ಲ. ನನ್ನ ಕೇಳಿದರೆ ಇಡೀ ವ್ಯವಸ್ಥೆಯಲ್ಲಿ ಇದಕ್ಕಿಂತ ಬೆಲೆಬಾಳುವ ವಸ್ತು ಇನ್ನೊಂದಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೆಂಗಳೂರಿನ ಒಂದು ಕಂಪನಿಗೆ ನನ್ನನ್ನು ಕಳಿಸಿದ್ದರು. ಹೆಸರು ಬೇಡ. ಅವರ ಮಾಸ್ಟರ್ ಸರ್ವರ್‌ನ ಡಿಸ್ಕ್ ಸತ್ತಿತ್ತು. ಟೇಪುಗಳು ಮಾತ್ರ ಒಂದೂ ಕೆಡದೆ ಬೀರುವಿನಲ್ಲಿ ಸಾಲಾಗಿ ನಿಂತಿದ್ದವು, 64 ಇದ್ದವು. ಕ್ಯಾಟಲಾಗ್‌ನ ಬ್ಯಾಕಪ್ ಎಲ್ಲಿ ಅಂತ ಕೇಳಿದೆ. 'ಅದೇ ಸರ್ವರ್‌ನ ಡಿ ಡ್ರೈವ್‌ನಲ್ಲಿ ಸಾರ್' ಅಂದ ಹುಡುಗ. ನಾನು ಏನೂ ಮಾತಾಡಲಿಲ್ಲ. ಹೊಸ ಸರ್ವರ್ ಕಟ್ಟಿ ಟೇಪುಗಳನ್ನು ಒಂದೊಂದಾಗಿ ಇಂಪೋರ್ಟ್ ಮಾಡಬೇಕು. ಮೊದಲ ಸುತ್ತಿನಲ್ಲಿ ಟೇಪಿನಲ್ಲಿ ಯಾವ್ಯಾವ ಬ್ಯಾಕಪ್ ಇದೆ ಅಂತ ಓದುತ್ತದೆ. ಎರಡನೇ ಸುತ್ತಿನಲ್ಲಿ ಅದರೊಳಗಿನ ಫೈಲುಗಳ ಪಟ್ಟಿ ಕಟ್ಟುತ್ತದೆ. ಒಂದೊಂದು ಟೇಪಿಗೆ ಗಂಟೆಗಟ್ಟಲೆ. ಅಕೌಂಟ್ಸ್‌ನವರು ಮಾರ್ಚ್ ಕೊನೆಯ ಒಂದು ಫೋಲ್ಡರ್ ಬೇಕು ಅಂತ ಬಾಗಿಲಲ್ಲಿ ನಿಂತಿದ್ದಾರೆ.

ಉಳಿಸಿದ್ದು ಒಂದು ನೋಟ್‌ಬುಕ್. ರಾತ್ರಿ ಪಾಳಿಯ ಆಪರೇಟರ್ ಒಬ್ಬರು, ವಯಸ್ಸಾದವರು, ಪ್ರತಿದಿನ ಹೊರಗೆ ತೆಗೆದ ಟೇಪಿನ ಬಾರ್‌ಕೋಡ್, ತಾರೀಖು, ಜಾಬ್ ಹೆಸರು ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದರು. ಯಾರೂ ಹೇಳಿರಲಿಲ್ಲ, ಅವರ ಅಭ್ಯಾಸ. ಅದನ್ನು ನೋಡಿ 64ರಲ್ಲಿ ನಮಗೆ ಬೇಕಾದ ಐದನ್ನು ಆರಿಸಿದೆವು. ಮರುದಿನ ಮಧ್ಯಾಹ್ನಕ್ಕೆ ಫೋಲ್ಡರ್ ಸಿಕ್ಕಿತು.

ಹಾಗಾಗಿ ಯಾವ ಸಾಫ್ಟ್‌ವೇರ್ ತಗೊಂಡರೂ ಮೊದಲ ವಾರವೇ ಇದನ್ನು ಮಾಡಿ. ಕ್ಯಾಟಲಾಗ್‌ನ ಬ್ಯಾಕಪ್ ಬೇರೆ ಯಂತ್ರಕ್ಕೆ, ಸಾಧ್ಯವಾದರೆ ಬೇರೆ ಕಟ್ಟಡಕ್ಕೆ ಹೋಗಲಿ. ನೆಟ್‌ಬ್ಯಾಕಪ್ ಪ್ರತಿ ಕ್ಯಾಟಲಾಗ್ ಬ್ಯಾಕಪ್ ಆದಮೇಲೆ ಡಿಆರ್ ಫೈಲನ್ನು (ಕ್ಯಾಟಲಾಗನ್ನು ಮರಳಿ ಪಡೆಯಲು ಬೇಕಾದ ಮಾಹಿತಿ) ಮೇಲ್ ಮಾಡುತ್ತದೆ. ಅದನ್ನು ನಿಮ್ಮ ಕಂಪನಿಯ ಮೇಲ್ ಸರ್ವರ್‌ಗೆ ಕಳಿಸಿಕೊಳ್ಳಬೇಡಿ, ಅದೂ ಜೊತೆಗೇ ಬಿದ್ದಿರುತ್ತದೆ. ಅದಕ್ಕೊಂದು ಪಾಸ್‌ಫ್ರೇಸ್ ಇಡಿಸುತ್ತಾರೆ, ಅದನ್ನು ಕಾಗದದಲ್ಲಿ ಬರೆದು ಲಕೋಟೆಯಲ್ಲಿ ಹಾಕಿ ಫೈನಾನ್ಸ್ ಮ್ಯಾನೇಜರ್ ಕೈಗೆ ಕೊಡಿ. ವೀಮ್‌ನಲ್ಲಿ ಕಾನ್ಫಿಗರೇಶನ್ ಬ್ಯಾಕಪ್ ಅಂತ ಇದೆ. ಬೇರೇನೂ ಬದಲಿಸದಿದ್ದರೆ ಅದು ಬ್ಯಾಕಪ್ ಸರ್ವರ್‌ನಲ್ಲೇ ಇರುವ ಡೀಫಾಲ್ಟ್ ರೆಪಾಸಿಟರಿಗೆ ಹೋಗಿ ಕೂರುತ್ತದೆ. ಮತ್ತೆ ಡಿ ಡ್ರೈವ್ ಕತೆ.

ಮೀಡಿಯಾ ಸರ್ವರ್ ಎಷ್ಟು ಬೇಕು ಅನ್ನೋದನ್ನು ಗುಣಾಕಾರ ಮಾಡಿ ನೋಡಿ. ನಿಮ್ಮಲ್ಲಿ 1 ಗಿಗಾಬಿಟ್ ನೆಟ್‌ವರ್ಕ್ ಇದ್ದರೆ ಸೆಕೆಂಡಿಗೆ ಹೆಚ್ಚೆಂದರೆ 110 ಎಂಬಿ ಸಾಗುತ್ತದೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಎಂಟು ಗಂಟೆ ಸಿಕ್ಕರೆ 3 ಟಿಬಿ ಚಿಲ್ಲರೆ. ಪೂರ್ತಿ 18 ಟಿಬಿಗೆ 45 ಗಂಟೆ ಬೇಕು. ಅಂದರೆ ಶನಿವಾರ ಬೆಳಗ್ಗೆ ಶುರು ಮಾಡಿದ ಫುಲ್ ಬ್ಯಾಕಪ್ ಸೋಮವಾರ ಬೆಳಗಿನ ಜಾವಕ್ಕೆ ಮುಗಿದರೆ ಪುಣ್ಯ. ದಿನಾ ಬದಲಾದಷ್ಟನ್ನೇ ಎತ್ತುವ ಇನ್‌ಕ್ರಿಮೆಂಟಲ್ ಪರವಾಗಿಲ್ಲ, ನಿಮ್ಮಲ್ಲಿ ದಿನಕ್ಕೆ ಕೆಲವು ನೂರು ಜಿಬಿ ಬದಲಾಗಬಹುದು ಅಷ್ಟೇ. ಆದರೆ ಎಲ್ಲ ಕೈಕೊಟ್ಟ ದಿನ ವಾಪಸ್ ತರುವಾಗಲೂ ಇದೇ 45 ಗಂಟೆ ಅಲ್ವಾ? ಲೈಸೆನ್ಸಿನಲ್ಲಿ ಉಳಿಸಿದ ದುಡ್ಡಲ್ಲಿ ಒಂದು 10 ಗಿಗಾಬಿಟ್ ಸ್ವಿಚ್ ತಗೊಳ್ಳಿ. ಡಿಸ್ಕ್‌ಗಳು ಆ ವೇಗಕ್ಕೆ ತಡೆದುಕೊಂಡರೆ ಐದು ಗಂಟೆಯೊಳಗೆ ಆಗುತ್ತದೆ. ಎರಡನೇ ಮೀಡಿಯಾ ಸರ್ವರ್ ಸದ್ಯಕ್ಕೆ ಬೇಡ. ಒಂದೇ ಕಟ್ಟಡದ 18 ಟಿಬಿಗೆ ಒಂದು ಸಾಕು.

ಡಿಡೂಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 40 ವಿಎಂಗಳಲ್ಲಿ ಅದೇ ವಿಂಡೋಸ್ ಇದ್ದರೆ ಅದನ್ನು ಒಂದೇ ಸಲ ಇಟ್ಟುಕೊಳ್ಳುತ್ತದೆ, ಒಳ್ಳೆಯದು. ಸಿಸಿಟಿವಿ ವಿಡಿಯೊ, ಮೊದಲೇ ಎನ್‌ಕ್ರಿಪ್ಟ್ ಆದ ಡೇಟಾಬೇಸ್ ಇವುಗಳಲ್ಲಿ ಏನೂ ಉಳಿಯುವುದಿಲ್ಲ. ಮಾರುವವರು '20ಕ್ಕೆ 1' ಅಂದರೆ ನಿಮ್ಮ ಡೇಟಾ ಮೇಲೆ ಒಂದು ತಿಂಗಳು ಟ್ರಯಲ್ ಓಡಿಸಿ ತೋರಿಸಲಿ. ಇದು ಲೈಸೆನ್ಸಿಗೆ ಸಂಬಂಧಪಡುವುದು ಬ್ಯಾಕ್ ಎಂಡ್ ಟಿಬಿ ಲೆಕ್ಕದಲ್ಲಿ ಮಾತ್ರ. ಅಲ್ಲಿ ಎಣಿಸುವುದು ಹಿಂಡಿದ ಮೇಲೆ ಗೋದಾಮಿನಲ್ಲಿ ಉಳಿದ ಗಾತ್ರ. ಅಂಥ ಕಡೆ ನೀವು ಏಳು ವರ್ಷ ಇಡಬೇಕಾದ ಬ್ಯಾಕಪ್ ಇದ್ದರೆ ಲೈಸೆನ್ಸ್ ವರ್ಷವರ್ಷ ಊದಿಕೊಳ್ಳುತ್ತದೆ. ನಿಮ್ಮ ಎರಡೂ ಕೊಟೇಶನ್ ಆ ಥರದವಲ್ಲ, ಆದ್ದರಿಂದ ಬಿಡಿ.

ಇನ್ನೊಂದು ಸಾಲು ಸಣ್ಣ ಅಕ್ಷರದಲ್ಲಿರುತ್ತದೆ. ಚಂದಾ ಲೈಸೆನ್ಸೋ, ಒಮ್ಮೆ ಕೊಂಡರೆ ಕಾಯಂ ಇರುವ ಪರ್ಪೆಚುಯಲ್ಲೋ? ನಿಮ್ಮ ಹಳೆಯದು ಪರ್ಪೆಚುಯಲ್ ಇರಬೇಕು, ಎಎಂಸಿ ಮುಗಿದರೂ ಓಡುತ್ತಿದೆ ಅಂದರೆ. ಎಎಂಸಿ ನಿಂತಾಗ ಹೊಸ ಆವೃತ್ತಿ ಮತ್ತು ಸಹಾಯ ನಿಲ್ಲುತ್ತದೆ, ಸಾಫ್ಟ್‌ವೇರ್ ನಿಲ್ಲುವುದಿಲ್ಲ. ಈಗ ಬಂದಿರುವುದು ಬಹುತೇಕ ಚಂದಾ. ಅವಧಿ ಮುಗಿದ ಮೇಲೆ ಏನಾಗುತ್ತದೆ? ಹೊಸ ಬ್ಯಾಕಪ್ ನಿಲ್ಲುತ್ತದೆ, ಅದು ಸರಿ. ಹಳೆಯದನ್ನು ವಾಪಸ್ ತೆಗೆಯಲು ಬಿಡುತ್ತದೋ ಇಲ್ಲವೋ? ವೀಮ್ ಬಿಡುತ್ತದೆ. ಎಲ್ಲ ಸಾಫ್ಟ್‌ವೇರೂ ಹಾಗೇ ಅಂದುಕೊಳ್ಳಬೇಡಿ, ಈ ಒಂದು ಪ್ರಶ್ನೆಗೆ ಮಾರುವವರಿಂದ ಮೇಲ್‌ನಲ್ಲಿ ಉತ್ತರ ತರಿಸಿಕೊಳ್ಳಿ. ಎರಡನೇ ವರ್ಷದ ದರವನ್ನೂ ಈಗಲೇ ಬರೆಸಿ. ಮೊದಲ ವರ್ಷ ಅರ್ಧ ಬೆಲೆ ಅಂತ ತಂದು ಕೂರಿಸಿದವರು ನವೀಕರಣದ ದಿನ ಮುಖ ಬೇರೆ ಮಾಡಿಕೊಳ್ಳುತ್ತಾರೆ. ಕಂಪನಿಗಳೂ ಕೈ ಬದಲಾಗುತ್ತಿರುತ್ತವೆ. ನೆಟ್‌ಬ್ಯಾಕಪ್ ಮಾರುತ್ತಿದ್ದ ವೆರಿಟಾಸ್ 2005ರಲ್ಲಿ ಸಿಮ್ಯಾಂಟೆಕ್ ಪಾಲಾಯಿತು, 2016ರಲ್ಲಿ ಮತ್ತೆ ಬೇರೆಯಾಯಿತು, 2024ರ ಡಿಸೆಂಬರ್‌ನಲ್ಲಿ ಅದರ ಬ್ಯಾಕಪ್ ವ್ಯವಹಾರ ಕೊಹೆಸಿಟಿ ಜೊತೆ ಸೇರಿತು. ಐಬಿಎಂನ ಟಿವೋಲಿ ಸ್ಟೋರೇಜ್ ಮ್ಯಾನೇಜರ್ ಮೊದಲು ಸ್ಪೆಕ್ಟ್ರಮ್ ಪ್ರೊಟೆಕ್ಟ್ ಆಗಿ ಈಗ ಸ್ಟೋರೇಜ್ ಪ್ರೊಟೆಕ್ಟ್ ಆಗಿದೆ. ಒಳಗಿನ ಕಮಾಂಡ್ ಇನ್ನೂ ಅದೇ ಹಳೆಯ 'ಡಿಎಸ್‌ಎಂಸಿ'. ನಮ್ಮಂಥವರು ಇವತ್ತಿಗೂ ಟಿಎಸ್ಎಂ ಅಂತಲೇ ಕರೆಯುತ್ತೇವೆ.

ಇಷ್ಟೆಲ್ಲ ಯಾಕೆ, ಪುಕ್ಕಟೆ ಇರುವುದನ್ನೇ ಹಾಕಿಕೊಂಡರೆ ಅಂತ ನಿಮ್ಮ ಎಂಡಿ ಕೇಳಬಹುದು. ಬಾಕ್ಯುಲಾ ಇದೆ, 2000ದಲ್ಲಿ ಬರೆಯಲು ಶುರು ಮಾಡಿದ್ದು, ಎಜಿಪಿಎಲ್ ಎಂಬ ಮುಕ್ತ ಪರವಾನಗಿ. ಅದರಲ್ಲೂ ಉಗ್ರಾಣದ ಅದೇ ಮಂದಿ: ಡೈರೆಕ್ಟರ್, ಸ್ಟೋರೇಜ್ ಡೀಮನ್, ಫೈಲ್ ಡೀಮನ್, ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಕ್ಯಾಟಲಾಗ್. ಕ್ಯಾಟಲಾಗ್ ಹೋದರೆ ಟೇಪುಗಳಿಂದ ಮತ್ತೆ ಕಟ್ಟಲು 'ಬಿಸ್ಕ್ಯಾನ್' ಅನ್ನೋ ಉಪಕರಣ ಕೂಡ ಇದೆ. ನಾನೇ ಎರಡು ಕಡೆ ಹಾಕಿಕೊಟ್ಟಿದ್ದೇನೆ, ಚೆನ್ನಾಗಿ ಓಡುತ್ತಿದೆ. ಆದರೆ ಅದರ ಸೆಟ್ಟಿಂಗ್ ಎಲ್ಲ ಟೆಕ್ಸ್ಟ್ ಫೈಲಿನಲ್ಲಿ. ಲಿನಕ್ಸ್ ಚೆನ್ನಾಗಿ ಗೊತ್ತಿರುವ ಒಬ್ಬರು ನಿಮ್ಮಲ್ಲಿ ಕಾಯಂ ಇರಬೇಕು, ಅವರು ರಜೆ ಹೋದಾಗ ಇನ್ನೊಬ್ಬರು ಇರಬೇಕು. ಪತ್ರ ನೋಡಿದರೆ ನೀವು ಒಬ್ಬರೇ ಎಲ್ಲ ನೋಡಿಕೊಳ್ಳುವ ಹಾಗೆ ಕಾಣುತ್ತದೆ. ಬೇಡ.

ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ಗಾತ್ರಕ್ಕೆ 45ರ ಲೆಕ್ಕದ ವೀಮ್ ಸರಿಹೊಂದುತ್ತದೆ. ಡೇಟಾ ಜಾಸ್ತಿ, ಯಂತ್ರ ಕಡಿಮೆ ಇದ್ದವರಿಗೆ ತಲೆ ಎಣಿಸುವ ಲೈಸೆನ್ಸ್ ಅಗ್ಗ. ಯಂತ್ರ ನೂರಾರು, ಒಂದೊಂದರಲ್ಲೂ ಚೂರುಪಾರು ಡೇಟಾ ಇದ್ದವರಿಗೆ ಟಿಬಿ ಎಣಿಸುವುದು ಅಗ್ಗ. ನಿಮ್ಮದು ಮೊದಲನೆಯ ಗುಂಪು. ಬ್ರಾಡ್‌ಕಾಮ್ ಕೈಗೆ ಹೋದಮೇಲೆ ವಿಎಂವೇರ್ ಬಿಲ್ ನೋಡಿ ನೀವೂ ತಲೆ ಕೆರೆದುಕೊಂಡಿರಬೇಕು. ನಾಳೆ ವಿಎಂವೇರ್ ಬಿಟ್ಟು ಹೈಪರ್-ವಿಗೋ ಪ್ರಾಕ್ಸ್‌ಮಾಕ್ಸ್‌ಗೋ ಹೋದರೂ ಈ ಲೈಸೆನ್ಸ್ ಜೊತೆಗೆ ಬರುತ್ತದೆ. ಆ 42ರಲ್ಲಿ ಟೆಸ್ಟ್ ವಿಎಂಗಳು, ಎರಡು ವರ್ಷದಿಂದ ಯಾರೂ ಲಾಗಿನ್ ಆಗದ ವಿಎಂಗಳು ಎಷ್ಟಿವೆ ಅಂತಲೂ ನೋಡಿ. ಮೂರು ಬಿಟ್ಟರೂ 40ಕ್ಕೆ ಇಳಿಯುತ್ತೀರಿ.

ರೆಪಾಸಿಟರಿಯನ್ನು ಲಿನಕ್ಸ್ ಮೇಲೆ ಹಾಕಿ ಅಂದೆನಲ್ಲ, ಆ ಇನ್ನೊಂದು ಲಾಭ ಇದು. ವೀಮ್‌ನಲ್ಲಿ ಹಾರ್ಡನ್ಡ್ ರೆಪಾಸಿಟರಿ ಅಂತ ಮಾಡಿದರೆ, ಹಾಕಿದ ಬ್ಯಾಕಪ್‌ಗಳನ್ನು ಗೊತ್ತುಮಾಡಿದ ದಿನದವರೆಗೆ ಬ್ಯಾಕಪ್ ಸರ್ವರ್‌ನ ಅಡ್ಮಿನ್ ಕೂಡ ಅಳಿಸಲಾಗುವುದಿಲ್ಲ. ರ‍್ಯಾನ್ಸಮ್‌ವೇರ್‌ನವರು ಒಳಗೆ ಬಂದಮೇಲೆ ಮೊದಲು ಹುಡುಕುವುದು ಬ್ಯಾಕಪ್ಪನ್ನೇ. ವಿಂಡೋಸ್ ಡೊಮೈನ್‌ಗೆ ಸೇರಿಸಿದ ರೆಪಾಸಿಟರಿ ಇದ್ದರೆ ಡೊಮೈನ್ ಅಡ್ಮಿನ್ ಪಾಸ್‌ವರ್ಡ್ ಸಿಕ್ಕ ಕೂಡಲೇ ಅದೂ ಹೋಯಿತು. ಹಾಗೇ ಆ ಲಿನಕ್ಸ್ ಸರ್ವರ್‌ನ ರಿಮೋಟ್ ಮ್ಯಾನೇಜ್‌ಮೆಂಟ್ ಕೇಬಲ್ ಕಿತ್ತಿಡಿ. ಐಡ್ರ್ಯಾಕ್‌ನಂಥ ರಿಮೋಟ್ ಮ್ಯಾನೇಜ್‌ಮೆಂಟ್‌ನಿಂದ ಡಿಸ್ಕ್ ಫಾರ್ಮ್ಯಾಟ್ ಮಾಡುವವರಿಗೆ ಬೇರೆ ಯಾವ ಬೀಗವೂ ಲೆಕ್ಕಕ್ಕಿಲ್ಲ.

ಒಂದು ಪ್ರತಿ ಬೇರೆ ಊರಿಗೆ ಹೋಗಲಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಎಂಬ ಕ್ಲೌಡ್ ಕಂಪನಿಯ ಡೇಟಾ ಸೆಂಟರ್ ಸುಟ್ಟುಹೋದಾಗ, ಬ್ಯಾಕಪ್ ಕೂಡ ಅದೇ ಜಾಗದಲ್ಲಿದ್ದ ಗಿರಾಕಿಗಳಿಗೆ ಏನೂ ಉಳಿಯಲಿಲ್ಲ. ಕ್ಲೌಡ್‌ಗೆ ಕಳಿಸುವುದಾದರೆ ಭಾರತದೊಳಗಿನ ರೀಜನ್ ಆರಿಸಿ. ಮುಂಬೈ ಇದೆ, ಹೈದರಾಬಾದ್ ಇದೆ. ಇದು ನನ್ನ ಇಷ್ಟವಲ್ಲ, ಕಂಪನಿ ಅಕೌಂಟ್ಸ್ ನಿಯಮಗಳಿಗೆ 2022ರ ಆಗಸ್ಟ್‌ನಲ್ಲಿ ಬಂದ ತಿದ್ದುಪಡಿ. ಲೆಕ್ಕಪತ್ರಗಳ ಬ್ಯಾಕಪ್ ದಿನಾಲೂ ಭಾರತದಲ್ಲಿರುವ ಸರ್ವರ್‌ನಲ್ಲಿ ಇರಬೇಕು. ಮೊದಲು 'ಆಗಾಗ' ಎಂಬರ್ಥದ ಮಾತಿತ್ತು, ಈಗ ದಿನಾ. ವಾರಕ್ಕೊಂದು ಟೇಪ್ ತೆಗೆಯುತ್ತೇವೆ ಅಂದರೆ ಆಡಿಟರ್ ಒಪ್ಪುವುದಿಲ್ಲ.

ಹಾಕಿದ ಮೇಲೆ ತಿಂಗಳಿಗೊಮ್ಮೆ ಏನನ್ನಾದರೂ ವಾಪಸ್ ತೆಗೆದು ನೋಡಿ. ಇದನ್ನು ಎಲ್ಲರೂ ಹೇಳುತ್ತಾರೆ, ಯಾರೂ ಮಾಡುವುದಿಲ್ಲ. 2017ರ ಜನವರಿ 31ರಂದು ಪ್ರೋಗ್ರಾಮರ್‌ಗಳು ಕೋಡ್ ಇಡುವ ತಾಣ ಗಿಟ್‌ಲ್ಯಾಬ್‌ನ ಎಂಜಿನಿಯರ್ ಒಬ್ಬರು ದಣಿದಿದ್ದಾಗ ತಪ್ಪು ಸರ್ವರ್‌ನಲ್ಲಿ ಡೇಟಾಬೇಸ್ ಫೋಲ್ಡರ್ ಅಳಿಸಿದರು. ಬ್ಯಾಕಪ್ ತೆಗೆಯಲು ಹೋದರೆ ಕ್ಲೌಡ್ ಬಕೆಟ್ ಖಾಲಿ. ಡಂಪ್ ಮಾಡುವ ಪ್ರೋಗ್ರಾಮ್ ಹಳೆಯ ಆವೃತ್ತಿಯದಾಗಿದ್ದರಿಂದ ದಿನಾ ವಿಫಲವಾಗುತ್ತಿತ್ತು. ವಿಫಲವಾಯಿತು ಅಂತ ಹೇಳುವ ಮೇಲ್‌ಗಳನ್ನು ಸ್ವೀಕರಿಸಬೇಕಾದ ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು. ಯಾರೋ ಬೇರೆ ಕೆಲಸಕ್ಕೆ ಆರು ಗಂಟೆ ಮುಂಚೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ ಕೈಹಿಡಿಯಿತು. ನಿಮ್ಮಲ್ಲೂ ಬ್ಯಾಕಪ್‌ನ ಮೇಲ್ ಬರುವುದು ನಿಂತರೆ ಗಮನಿಸುವವರು ಯಾರು? ಅದಕ್ಕೇ ನಾನು ಸೋತದ್ದಕ್ಕೆ ಮಾತ್ರವಲ್ಲ, ಗೆದ್ದದ್ದಕ್ಕೂ ಬೆಳಗ್ಗೆ ಒಂದು ಮೇಲ್ ಬರುವ ಹಾಗೆ ಇಡುತ್ತೇನೆ.

ಕೊನೆಗೆ ಬೀರುವಿನ ಎಲ್‌ಟಿಒ-6 ಟೇಪುಗಳು. ಹೊಸದಾಗಿ ಎಲ್‌ಟಿಒ-8 ಅಥವಾ 9 ಡ್ರೈವ್ ತಗೊಂಡರೆ ಅವು ಈ ಟೇಪುಗಳನ್ನು ಓದುವುದಿಲ್ಲ. 8ರ ಡ್ರೈವ್ 7ರ ಟೇಪಿನವರೆಗೆ, 9ರದು 8ರ ಟೇಪಿನವರೆಗೆ, ಅಷ್ಟೇ. 6ರ ಟೇಪು ಓದುವ ಕೊನೆಯ ತಲೆಮಾರು ಎಲ್‌ಟಿಒ-7. ಡ್ರೈವ್ ಸಿಕ್ಕರೂ ಸಾಲದು. ಟೇಪಿನಲ್ಲಿ ಬರೆದಿರುವುದು ಹಳೆಯ ಸಾಫ್ಟ್‌ವೇರ್‌ನ ಭಾಷೆಯಲ್ಲಿ, ಹೊಸ ಸಾಫ್ಟ್‌ವೇರ್‌ಗೆ ಅದು ಅರ್ಥವಾಗದು. ಕಂಪನಿ ಕಾಯ್ದೆ ಲೆಕ್ಕಪುಸ್ತಕಗಳನ್ನು ಎಂಟು ಹಣಕಾಸು ವರ್ಷ ಇಡಬೇಕು ಅನ್ನುತ್ತದೆ, ನಿಮ್ಮ ಹಳೆಯ ವರ್ಷಗಳು ಆ ಟೇಪುಗಳಲ್ಲೇ ಇರಬಹುದು. ಆದ್ದರಿಂದ ಹಳೆಯ ಬ್ಯಾಕಪ್ ಸರ್ವರನ್ನು ವಿಎಂ ಆಗಿ ಪರಿವರ್ತಿಸಿ, ಕ್ಯಾಟಲಾಗ್ ಸಮೇತ, ಲೈಸೆನ್ಸ್ ಕೀ ಸಮೇತ ಇಟ್ಟುಕೊಳ್ಳಿ. ಹಳೆಯ ಡ್ರೈವನ್ನು ಬೈಬ್ಯಾಕ್‌ಗೆ ಕೊಡಬೇಡಿ, ಎಷ್ಟೇ ಕೇಳಿದರೂ. ಟೇಪ್ ಡ್ರೈವ್ ವಿಎಂಗೆ ಸರಿಯಾಗಿ ಜೋಡಿಸಲು ಆಗದೆ ಒದ್ದಾಡಬೇಕಾಗಬಹುದು. ಹಾಗಾದರೆ ಆ ಹಳೆಯ ಸರ್ವರನ್ನೇ ಆಫ್ ಮಾಡಿ ಮೂಲೆಯಲ್ಲಿಡಿ, ಮೂರು ತಿಂಗಳಿಗೊಮ್ಮೆ ಆನ್ ಮಾಡಿ ಒಂದು ಟೇಪಿನಿಂದ ಒಂದು ಫೈಲ್ ತೆಗೆದು ನೋಡಿ. ಅದಕ್ಕಿಂತ ಮುಂಚೆ, ಟೇಪುಗಳ ಬಾರ್‌ಕೋಡ್ ಮತ್ತು ತಾರೀಖನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ.